ಶೆಫೀಲ್ಡ್ ಹತ್ತಿರ ನೋಡಲೇಬೇಕಾದ ಹಳ್ಳಿ: ಈಮ್

ಶೆಫೀಲ್ಡ್‌ಗೆ ಬರ್ತಿದ್ದೇನೆ, ಒಂದು ದಿನ ಬಿಡುವಿದೆ, ಹತ್ತಿರದಲ್ಲಿ ಇತಿಹಾಸ ಇರುವ ಚಿಕ್ಕ ಹಳ್ಳಿ ಯಾವುದು ಅಂತ ಕೇಳಿದ್ದೀರಿ. ಯೋಚನೆ ಮಾಡದೆ ಈಮ್‌ಗೆ ಹೋಗಿ. ಇಂಗ್ಲೆಂಡಿನ ಡರ್ಬಿಶೈರ್‌ನ ಗುಡ್ಡಗಳ ನಡುವಿನ ಊರು. ಬೋರ್ಡ್ ನೋಡಿದರೆ 'ಇಯಾಮ್' ಅಂತ ಓದುವ ಹಾಗಿರುತ್ತದೆ, ಬಸ್ಸಿನಲ್ಲಿ 'ಈಮ್' ಅಂತಲೇ ಕೇಳಿ.

1665ರಲ್ಲಿ ಇಲ್ಲಿನ ದರ್ಜಿಯೊಬ್ಬನ ಮನೆಗೆ ಲಂಡನ್‌ನಿಂದ ಬಟ್ಟೆಯ ಗಂಟು ಬಂತು. ಒದ್ದೆಯಾಗಿತ್ತು ಅಂತ ಬಿಚ್ಚಿ ಬೆಂಕಿ ಮುಂದೆ ಒಣಗಲು ಹಾಕಿದರು, ಅದರಲ್ಲಿದ್ದ ಚಿಗಟಗಳಿಂದ ಪ್ಲೇಗ್ ಹಬ್ಬಿತು ಅಂತ ಊರಿನವರು ಹೇಳುತ್ತಾರೆ. ಆ ಮನೆಯ ಕೆಲಸಗಾರ ಜಾರ್ಜ್ ವಿಕರ್ಸ್ ಸೆಪ್ಟೆಂಬರ್‌ನಲ್ಲಿ ಮೊದಲು ಸತ್ತ. ಮರುವರ್ಷ ಜೂನ್‌ನಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್, ಹಳೆಯ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಇಬ್ಬರೂ ಸೇರಿ ಜನರನ್ನು ಒಪ್ಪಿಸಿದರು: ಯಾರೂ ಊರು ದಾಟಬಾರದು. ರೋಗ ಸುತ್ತಲಿನ ಹಳ್ಳಿಗಳಿಗೆ ಹೋಗಬಾರದು ಅಷ್ಟೇ. ರೋಗ ನಿಲ್ಲುವಷ್ಟರಲ್ಲಿ ಸುಮಾರು 260 ಜನ ಸತ್ತಿದ್ದರು. ಮಾಂಪೆಸನ್ ಮಕ್ಕಳನ್ನು ಮೊದಲೇ ಬೇರೆ ಕಡೆ ಕಳಿಸಿದ್ದರು. ಹೆಂಡತಿ ಕ್ಯಾಥರೀನ್ ಮಾತ್ರ ಗಂಡನನ್ನು ಬಿಟ್ಟು ಹೋಗಲಿಲ್ಲ, ಆಗಸ್ಟ್‌ನಲ್ಲಿ ತೀರಿಕೊಂಡರು. ಚರ್ಚ್ ಅಂಗಳದಲ್ಲಿ ಅವರ ಸಮಾಧಿ ಇದೆ. ಅಲ್ಲೇ ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಶಿಲುಬೆ, ಗೋಡೆಯ ಮೇಲೆ 1775ರ ನೆರಳು ಗಡಿಯಾರ. ಎರಡನ್ನೂ ನೋಡಿ.

ಆದರೆ ನನ್ನ ಮಾತು ಕೇಳುವುದಾದರೆ, ಚರ್ಚ್‌ಗಿಂತ ಮೊದಲು ಗಡಿಕಲ್ಲಿಗೆ ಹೋಗಿ. ಈಮ್‌ನಿಂದ ಪಕ್ಕದ ಸ್ಟೋನಿ ಮಿಡಲ್‌ಟನ್‌ಗೆ ಹೋಗುವ ಕಾಲುದಾರಿಯಲ್ಲಿ, ಹುಲ್ಲಿನ ನಡುವೆ ಒಂದು ದಪ್ಪ ಬಂಡೆ. ಮೇಲೆ ಆರು ಗುಳಿ. ಅದರಲ್ಲಿ ವಿನೆಗರ್ ತುಂಬಿ ದುಡ್ಡು ಹಾಕಿಡುತ್ತಿದ್ದರು, ರೋಗ ನಾಣ್ಯಕ್ಕೆ ಅಂಟದಿರಲಿ ಅಂತ. ಪಕ್ಕದ ಊರಿನವರು ದುಡ್ಡು ತಗೊಂಡು ಊಟದ ಸಾಮಾನು ಇಟ್ಟು ಹೋಗುತ್ತಿದ್ದರು. ಗುಳಿಯ ಅಂಚು ಸವೆದು ನುಣುಪಾಗಿದೆ. ಬೆರಳಿಟ್ಟು ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಆ ಕಲ್ಲಿನಿಂದ ನಾಲ್ಕು ಹೆಜ್ಜೆ ಮುಂದೆ ಹೋಗಿದ್ದರೆ ಬದುಕಿಕೊಳ್ಳಬಹುದಿತ್ತೇನೋ, ಆದರೂ ವಾಪಸ್ ಮನೆಗೆ ನಡೆದರಲ್ವಾ ಈಮ್‌ನವರು!

ಆಮೇಲೆ ರೈಲಿ ಸಮಾಧಿಗಳು. ಊರಾಚೆ ಹೊಲದಲ್ಲಿ ಗುಂಡಗೆ ಕಲ್ಲಿನ ಗೋಡೆ, ಒಳಗೆ ಏಳು ಜನರ ನೆನಪಿನ ಕಲ್ಲುಗಳು. 1666ರ ಆಗಸ್ಟ್‌ನಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ಎಂಟೇ ದಿನದಲ್ಲಿ ಗಂಡ ಮತ್ತು ಆರು ಮಕ್ಕಳನ್ನು ತಾನೇ ಮಣ್ಣು ಮಾಡಿದಳು. ಸತ್ತವರನ್ನು ಮನೆಯವರೇ ಹೂಳಬೇಕು ಅನ್ನುವುದೂ ಊರಿನ ಕಟ್ಟಳೆಯಾಗಿತ್ತು. ಇಲ್ಲಿ ಸುಮ್ನೆ ಫೋಟೋ ಹೊಡೆದು ಓಡಬೇಡಿ, ಸ್ವಲ್ಪ ಹೊತ್ತು ನಿಲ್ಲಿ.

ಆಗಸ್ಟ್ ಕೊನೆಯ ಭಾನುವಾರ ಬಂದರೆ ಇನ್ನೂ ಒಳ್ಳೆಯದು. ಅವತ್ತು ಕಕ್ಲೆಟ್ ಡೆಲ್ಫ್ ಎಂಬ ತಗ್ಗಿನಲ್ಲಿ ಸತ್ತವರಿಗಾಗಿ ಪ್ರಾರ್ಥನೆ ನಡೆಯುತ್ತದೆ. ಪ್ಲೇಗ್ ಕಾಲದಲ್ಲಿ ಚರ್ಚ್ ಮುಚ್ಚಿ, ಅಲ್ಲೇ ಬಯಲಿನಲ್ಲಿ ದೂರ ದೂರ ನಿಂತು ಪ್ರಾರ್ಥನೆ ಮಾಡುತ್ತಿದ್ದರು. ಮಳೆ ಬಿದ್ದರೆ ಈ ದಾರಿಗಳು ತುಂಬಾ ಜಾರುತ್ತವೆ, ಒಳ್ಳೆ ಶೂ ಹಾಕಿಕೊಂಡು ಬನ್ನಿ.