ಬಯೋಚಾರ್, ಬಯೋಗ್ಯಾಸ್ ಉದ್ಯಮಕ್ಕೆ ವಿದೇಶಿ ಪಾಲುದಾರರು ಸಿಗುತ್ತಾರೆಯೇ?

ತಿಪಟೂರಿನಲ್ಲಿ ತೆಂಗಿನ ಚಿಪ್ಪು ಸುಟ್ಟು ಬಯೋಚಾರ್ (ಮಣ್ಣಿಗೆ ಸೇರಿಸುವ ಇದ್ದಿಲು), ಸಗಣಿಯಿಂದ ಗ್ಯಾಸ್ ಮಾಡಿ ವಿದೇಶಿ ಕಂಪನಿಗಳಿಗೆ ಕಾರ್ಬನ್ ಕ್ರೆಡಿಟ್ (ಒಂದು ಟನ್ ಇಂಗಾಲದ ಡೈಆಕ್ಸೈಡ್ ತಗ್ಗಿಸಿದ್ದಕ್ಕೆ ಸಿಗುವ ಪ್ರಮಾಣಪತ್ರ) ಮಾರಬಹುದೇ ಎಂದು ಕೇಳಿದ್ದೀರಿ. ಮಾರಬಹುದು, ಆದರೆ ಚಿಪ್ಪನ್ನು ಬಿಟ್ಟುಬಿಡಿ. ಅದಕ್ಕೆ ನೀರು, ಗಾಳಿ ಶುದ್ಧೀಕರಿಸಲು ಬಳಸುವ ಆಕ್ಟಿವೇಟೆಡ್ ಕಾರ್ಬನ್‌ನ ತಯಾರಕರು ಈಗಾಗಲೇ ಬೆಲೆ ಕೊಡುತ್ತಿದ್ದಾರೆ; ಅವರೊಂದಿಗೆ ಪೈಪೋಟಿಗೆ ಇಳಿದರೆ ಕಚ್ಚಾ ಮಾಲಿನಲ್ಲೇ ಲಾಭ ಕರಗುತ್ತದೆ. ಕೇಳುವವರಿಲ್ಲದ ತೆಂಗಿನ ಮಟ್ಟೆ, ರಸ್ತೆ ಬದಿಗೆ ಸುರಿಯುವ ಅಡಿಕೆ ಸಿಪ್ಪೆಯತ್ತ ನೋಡಿ.

ಇಂಥ ಯೋಜನೆಗಳ ದಾಖಲೆ ಪರಿಶೀಲಿಸುವುದೇ ನನ್ನ ಕೆಲಸ. ಕ್ರೆಡಿಟ್ ಕೊಳ್ಳುವವರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಲೆಕ್ಕ. ಬಯೋಚಾರ್‌ನಲ್ಲಿ ಶೇ 75ರಷ್ಟು ಇಂಗಾಲವಿದ್ದರೆ ಒಂದು ಟನ್ 2.75 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ. ಸಾಗಣೆ, ಇಂಧನ, ಸುಡುವಾಗ ಸೋರುವ ಮೀಥೇನ್ ಎಲ್ಲ ಕಳೆದು ಉಳಿದಷ್ಟಕ್ಕೇ ಹಣ. ಯುರೋಪಿನ ಪ್ರಮಾಣಪತ್ರಕ್ಕೆ ಜಲಜನಕ ಮತ್ತು ಇಂಗಾಲದ ಪರಮಾಣುಗಳ ಅನುಪಾತ 0.7ಕ್ಕಿಂತ ಕಡಿಮೆ ಇರಬೇಕು. ಅರೆಬೆಂದ ಇದ್ದಿಲು ಅಲ್ಲೇ ಅನುತ್ತೀರ್ಣ.

ಸಣ್ಣ ಪ್ರಮಾಣಕ್ಕೆ ಸ್ವಿಟ್ಜರ್‌ಲೆಂಡಿನ ಇಥಾಕಾ ಸಂಸ್ಥೆ ರೂಪಿಸಿದ 'ಕಾನ್-ಟಿಕಿ' ಎಂಬ ಬಾಯಿ ಅಗಲದ ಕಬ್ಬಿಣದ ಒಲೆ ಸಾಕು. ಚೆನ್ನಾಗಿ ಒಣಗಿದ ಕಸವನ್ನು ಪದರ ಪದರವಾಗಿ ಹಾಕಬೇಕು. ಮೇಲಿನ ಪದರದಲ್ಲಿ ಬಿಳಿ ಬೂದಿ ಕಾಣುತ್ತಿದ್ದಂತೆ ಮುಂದಿನದು. ತಡಮಾಡಿದರೆ ಬೂದಿಯೇ ಗತಿ, ಅವಸರಪಟ್ಟರೆ ಹೊಗೆ. ನಂದಿಸುವಾಗ ನೀರಿನೊಂದಿಗೆ ಗೋಬರ್ ಗ್ಯಾಸಿನ ತೆಳು ಸ್ಲರಿಯನ್ನೂ ಸುರಿಯಿರಿ (ಆವಿ ಮುಖಕ್ಕೆ ಹೊಡೆಯುತ್ತದೆ, ದೂರ ನಿಲ್ಲಿ). ಬರೀ ಬಯೋಚಾರ್ ಮಣ್ಣಿನ ಸಾರಜನಕವನ್ನು ಸ್ವಲ್ಪ ಕಾಲ ತಾನೇ ಹಿಡಿದಿಟ್ಟುಕೊಳ್ಳುವುದುಂಟು. ಸ್ಲರಿ ಹೀರಿಕೊಂಡದ್ದು ಗೊಬ್ಬರವಾಗಿ ಊರಲ್ಲೇ ಮಾರಾಟವಾಗುತ್ತದೆ. ನಿಮ್ಮ ಎರಡು ಉದ್ಯಮ ಕೂಡುವುದು ಇಲ್ಲಿಯೇ.

ಗ್ಯಾಸಿನ ವಿಚಾರ ಹೊಸದೇನಲ್ಲ. ಬಾಗೇಪಲ್ಲಿಯಲ್ಲಿ 5,500 ಮನೆಗಳಿಗೆ ಎರಡು ಘನ ಮೀಟರ್‌ನ ಘಟಕ ಕಟ್ಟುವ ಯೋಜನೆ 2005ರಲ್ಲೇ, ಅಭಿವೃದ್ಧಿಶೀಲ ದೇಶಗಳ ಯೋಜನೆಗಳಿಗೆ ಕಾರ್ಬನ್ ಕ್ರೆಡಿಟ್ ಕೊಡುವ ವಿಶ್ವಸಂಸ್ಥೆಯ ಸಿಡಿಎಂ ವ್ಯವಸ್ಥೆಯಲ್ಲಿ ನೋಂದಣಿಯಾಗಿತ್ತು. ಒಂದು ಘನ ಮೀಟರ್ ಅನಿಲಕ್ಕೆ ದಿನಕ್ಕೆ ಸುಮಾರು 25 ಕೆ.ಜಿ. ಸಗಣಿ ಬೇಕು, ನಿಮ್ಮ ಕೊಟ್ಟಿಗೆಯ ಲೆಕ್ಕ ನೀವೇ ಹಾಕಿಕೊಳ್ಳಿ. ಮುಂದೆ 2012ರ ಹೊತ್ತಿಗೆ ಆ ವ್ಯವಸ್ಥೆಯ ಕ್ರೆಡಿಟ್ ಬೆಲೆ ಕುಸಿದುಬಿತ್ತು. ಹಾಗಾಗಿ ಗೊಬ್ಬರ, ಗ್ಯಾಸಿನ ವರಮಾನದಲ್ಲೇ ಸಂಬಳ, ಸಾಲದ ಕಂತು ಹುಟ್ಟಬೇಕು. ಕ್ರೆಡಿಟ್ ಹಣ ಹೆಚ್ಚುವರಿ ಆದಾಯವಾಗಿರಲಿ.

ಬೇಡಿಕೆ ಇರುವುದು ನಿಜ. 2025ರ ಜನವರಿಯಲ್ಲಿ ಗೂಗಲ್ ಭಾರತದ ವರಾಹ ಕಂಪನಿಯಿಂದ 2030ರೊಳಗೆ ಒಂದು ಲಕ್ಷ ಟನ್ ಕ್ರೆಡಿಟ್ ಕೊಳ್ಳುವುದಾಗಿ ಘೋಷಿಸಿತು. ಆದರೆ ನಿಮ್ಮ ಗಾತ್ರದವರನ್ನು ಅಷ್ಟು ದೊಡ್ಡ ಕೊಳ್ಳುಗರು ನೇರವಾಗಿ ಹುಡುಕಿಕೊಂಡು ಬರುವುದಿಲ್ಲ. ಹಲವು ಘಟಕಗಳನ್ನು ಒಟ್ಟುಗೂಡಿಸುವ ಮಧ್ಯದ ಸಂಸ್ಥೆಯ ಮೂಲಕವೇ ಹೋಗಬೇಕು. ಪ್ರಮಾಣೀಕರಣದ ಖರ್ಚು ಯಾರದು, ಬೆಲೆ ಬಿದ್ದರೆ ನಷ್ಟ ಯಾರಿಗೆ ಎಂಬುದನ್ನು ಸಹಿ ಹಾಕುವ ಮುನ್ನ ಅವರಿಂದ ಬರೆಸಿಕೊಳ್ಳಿ.