ಪೆರ್ಲದ ಹತ್ತಿರ ನಮ್ಮ ಊರಲ್ಲಿ ಯಾರಿಗೂ ಬಾಸ್ಕೆಟ್‌ಬಾಲ್ ಬರುವುದಿಲ್ಲ. ಮುರಕಲ್ಲಿನ ಮೈದಾನದಲ್ಲಿ ಮಕ್ಕಳಿಗೆ ಎಲ್ಲಿಂದ ಶುರು ಮಾಡುವುದು?

ಸದ್ಯಕ್ಕೆ ಡ್ರಿಬ್ಲಿಂಗ್, ಅಂದರೆ ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಓಡುವುದು, ಬಿಟ್ಟುಬಿಡಿ. ಹರಳೆದ್ದ ನೆಲದಲ್ಲಿ ಚೆಂಡು ಎತ್ತ ಪುಟಿಯುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ, ಮಕ್ಕಳಿಗೆ ಬೇಗ ಬೇಸರ ಬರುತ್ತದೆ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಕಟ್ಟಿದಾಗಲೂ ಡ್ರಿಬ್ಲಿಂಗ್ ಇರಲಿಲ್ಲ. ಪೀಚ್ ಹಣ್ಣಿನ ಬುಟ್ಟಿ, ಫುಟ್‌ಬಾಲ್ ಚೆಂಡು, ತಂಡಕ್ಕೆ ಒಂಬತ್ತು ಜನ, 13 ನಿಯಮ, ಅಷ್ಟೆ. ಚೆಂಡು ಹಿಡಿದವನು ಓಡುವಂತಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕು. ಒಂದು ತಂಡ ಸಾಲಾಗಿ ಮೂರು ಫೌಲ್ ಮಾಡಿದರೆ ಎದುರು ತಂಡಕ್ಕೆ ಒಂದು ಗೋಲು. 15 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ವಿರಾಮ. ನಿಮ್ಮ ಮಕ್ಕಳೂ ಹೀಗೇ ಆಡಲಿ. ಪಾಸ್ ಕೊಟ್ಟು ಖಾಲಿ ಜಾಗಕ್ಕೆ ಓಡುವುದು ಇದರಿಂದಲೇ ಬರುತ್ತದೆ, ಮತ್ತು ಬಾಸ್ಕೆಟ್‌ಬಾಲಿನಲ್ಲಿ ಕಲಿಯಲಿಕ್ಕೆ ಕಷ್ಟವಾದದ್ದು ಅದೇ.

ಚೆಂಡು ಹಾಕುವ ರಿಂಗ್ ಒಂದೇ ಸಾಕು. ತಂಡಕ್ಕೆ ಮೂವರಂತೆ ಒಂದೇ ರಿಂಗಿಗೆ ಆಡುವ 3x3 ಆಟಕ್ಕೆ 15 ಮೀಟರ್ ಅಗಲ, 11 ಮೀಟರ್ ಉದ್ದದ ಜಾಗ ಬೇಕು. ರಿಂಗಿನ ಒಳ ಅಗಲ 45 ಸೆಂಟಿಮೀಟರ್. ಅದರ ಮೇಲಂಚು ನೆಲದಿಂದ 3.05 ಮೀಟರ್, 12ರೊಳಗಿನ ಮಕ್ಕಳಿಗೆ 2.60. ರಿಂಗಿನ ಹಿಂದಿನ ಬೋರ್ಡ್ 1.80 x 1.05 ಮೀಟರ್. ಮಾಮೂಲಿ ಪ್ಲೈವುಡ್ ಹಾಕಿದರೆ ಒಂದು ಮಳೆಗಾಲಕ್ಕೆ ಉಬ್ಬಿ ಪದರ ಬಿಡುತ್ತದೆ. ಮರೈನ್ ಪ್ಲೈ ತನ್ನಿ, ನಾಲ್ಕೂ ಅಂಚಿಗೆ ಪೇಂಟ್ ಬಳಿಯಿರಿ, ನೀರು ಇಳಿಯುವುದು ಅಂಚಿನಿಂದಲೇ. ಅಡಿಕೆ ಮರದ ಕಂಬ ಬೇಡ, ಬುಡಕ್ಕೆ ಒರಲೆ ಹಿಡಿಯುತ್ತದೆ. ಜಿಐ ಪೈಪ್ ಹಾಕಿ ಬುಡಕ್ಕೆ ಕಾಂಕ್ರೀಟ್ ತುಂಬಿಸಿ.

ಹೆಚ್ಚಿನವರು ತಪ್ಪುವುದು ಇನ್ನೊಂದು ಕಡೆ. ಕಂಬವನ್ನು ರಿಂಗಿನ ಹಿಂದೆ ಅಂಕಣ ಮುಗಿಯುವ ಗೆರೆಯ ಮೇಲೆಯೇ ನೆಟ್ಟು, ಬೋರ್ಡನ್ನು ಅದಕ್ಕೇ ಬಡಿದುಬಿಡುತ್ತಾರೆ. ಓಡಿ ಬಂದು ರಿಂಗಿನ ಹತ್ತಿರ ಹಾರಿ ಚೆಂಡು ಹಾಕಿದ (ಇದಕ್ಕೆ ಲೇಅಪ್ ಎನ್ನುತ್ತಾರೆ) ಹುಡುಗಿ ನೇರ ಕಂಬಕ್ಕೆ ಹೋಗಿ ಬಡಿಯುತ್ತಾಳೆ. ಬೋರ್ಡ್ ಗೆರೆಯಿಂದ 1.20 ಮೀಟರ್ ಒಳಗಿರಬೇಕು, ಕಂಬ ಗೆರೆಯ ಹೊರಗಿರಬೇಕು, ಎರಡರ ನಡುವೆ ವೆಲ್ಡ್ ಮಾಡಿದ ತೋಳು ಬೇಕು. ಕಂಬಕ್ಕೆ ಆಳೆತ್ತರದವರೆಗೆ ಹಳೇ ಟಯರ್ ಸುತ್ತಿ. ನೆಲಕ್ಕೆ ಮಣ್ಣು ತುಂಬಿಸುವುದಿದ್ದರೆ ಮೊದಲೇ ತುಂಬಿಸಿ, ಇಲ್ಲದಿದ್ದರೆ ರಿಂಗಿನ ಎತ್ತರ ಕಡಿಮೆಯಾಗುತ್ತದೆ.

ಚೆಂಡು ರಬ್ಬರಿನದೇ ಇರಲಿ, ಚರ್ಮದ್ದು ಮುರಕಲ್ಲಿಗೆ ಬೇಗ ತರಚಿ ಹಾಳಾಗುತ್ತದೆ. ದೊಡ್ಡ ಹುಡುಗರಿಗೆ ಸೈಜ್ 7, ಹುಡುಗಿಯರಿಗೆ 6, ಚಿಕ್ಕವರಿಗೆ 5. ಗಾಳಿ ಹಾಕುವ ಮುಂಚೆ ಸೂಜಿ ಒದ್ದೆ ಮಾಡಿ, ಒಣ ಸೂಜಿ ವಾಲ್ವ್ ಹರಿಯುತ್ತದೆ. 1.80 ಮೀಟರ್ ಎತ್ತರದಿಂದ ಸಿಮೆಂಟ್ ನೆಲಕ್ಕೆ ಬಿಟ್ಟರೆ ಸೊಂಟದ ಎತ್ತರಕ್ಕೆ ಎದ್ದು ಬರಬೇಕು.

ನಮ್ಮ ಕಡೆಯ ಮಕ್ಕಳು ಬರುವುದು ಕಬಡ್ಡಿ, ವಾಲಿಬಾಲ್‌ನಿಂದ. ಕಬಡ್ಡಿ ಆಡಿದವರು ಎದುರಾಳಿಯನ್ನು ಕೈಯಿಂದ ತಡೆಯುತ್ತಾರೆ, ಅದು ಫೌಲ್. ಅವರಿಗೆ ಕೈ ಹಿಂದೆ ಕಟ್ಟಿಸಿ ಬರೀ ಕಾಲಿನಿಂದ ಅಡ್ಡ ಹೋಗುವ ಅಭ್ಯಾಸ ಕೊಡಿ. ವಾಲಿಬಾಲಿನವರು ಚೆಂಡನ್ನು ಬಡಿಯುತ್ತಾರೆ, ಹಿಡಿಯುವುದಿಲ್ಲ. ಇಬ್ಬಿಬ್ಬರನ್ನು ನಾಲ್ಕು ಹೆಜ್ಜೆ ದೂರ ನಿಲ್ಲಿಸಿ ಚೆಸ್ಟ್ ಪಾಸ್, ಅಂದರೆ ಎದೆಯ ಮುಂದಿನಿಂದ ಎರಡೂ ಕೈಯಲ್ಲಿ ತಳ್ಳುವ ಪಾಸ್, ಮಾಡಿಸಿ.

ಅಡಿಕೆ ಎತ್ತಿದ ಮೇಲೆ ಯಾರದಾದರೂ ಸಿಮೆಂಟಿನ ಅಂಗಳ ಖಾಲಿ ಇರುತ್ತದೆ. ಡ್ರಿಬ್ಲಿಂಗ್ ಅಲ್ಲಿ ಕಲಿಸಿ: ಅಂಗೈ ತಾಗದಂತೆ ಬೆರಳುಗಳಿಂದ ಒತ್ತಬೇಕು, ಕಣ್ಣು ಚೆಂಡಿನ ಮೇಲೆ ಇರಬಾರದು, ಎಡಗೈಗೂ ಬಲಗೈಯಷ್ಟೇ ಸಮಯ.