ಮಗುವನ್ನು ಮನೆಗೆ ಕರೆದುಕೊಂಡು ಹೋಗುತ್ತೇವೆ ಅಂದಾಗ ಎಸ್‌ಎನ್‌ಸಿಯು ನರ್ಸ್ ಏನು ಮಾಡಬೇಕು?

ಹೊಸದಾಗಿ ಎಸ್‌ಎನ್‌ಸಿಯು, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ, ಸೇರಿದ್ದೀರಿ. ಮನೆಯವರು ಮಗುವನ್ನು ಒಯ್ಯುತ್ತೇವೆ ಅನ್ನುತ್ತಾರೆ, ಡಾಕ್ಟರ್ ‘ಸಹಿ ತಗೊಂಡು ಕಳಿಸಿ’ ಅನ್ನುತ್ತಾರೆ, ನಿಮ್ಮ ಮನಸ್ಸು ಒಪ್ಪುವುದಿಲ್ಲ. ಡಾಕ್ಟರ ಮಾತು ಕೇಳಬೇಕಾ, ಮನಸ್ಸಿನ ಮಾತು ಕೇಳಬೇಕಾ ಅಂತ ನಿಮ್ಮ ಪ್ರಶ್ನೆ. ನಾನೂ ಇದೇ ಜಾಗದಲ್ಲಿ ನಿಂತಿದ್ದೆ.

ಕೊಡಗಿನ ಒಂದು ಆಸ್ಪತ್ರೆ. ಡಿಸೆಂಬರ್ ತಿಂಗಳು, ಕಾಫಿ ಕುಯ್ಲು ಶುರುವಾಗಿತ್ತು. ತೋಟದ ಕೂಲಿಯವರ ಲೈನ್ ಮನೆಯಿಂದ ಬಂದ, ಯರವ ಬುಡಕಟ್ಟಿನವರ ಮಗು. ದಿನ ತುಂಬದೆ ಹುಟ್ಟಿದ ಹೆಣ್ಣು ಮಗು, ತೂಕ 1.4 ಕೆಜಿ. ಆಕ್ಸಿಜನ್ ತೆಗೆದಾಗಿತ್ತು. ಟ್ಯೂಬಿನ ಹಾಲಿನಿಂದ ಒಳಲೆಗೆ, ಅಂದರೆ ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲಿಗೆ, ಬರುವ ಹಂತದಲ್ಲಿದ್ದಳು. ಒಳಲೆಯ ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿದರೆ ನಾಲಿಗೆ ಚಾಚಿ ಎರಡು ಗುಟುಕು ಕುಡಿಯುವಳು. ಮೂರನೆಯದನ್ನು ಬಾಯಲ್ಲೇ ಇಟ್ಟುಕೊಂಡು ನಿದ್ದೆ ಹೋಗುವಳು. ಕಿವಿ ಹಿಂದೆ ಮೆಲ್ಲಗೆ ತಟ್ಟಿದರೆ ಮತ್ತೆ ಒಂದು ಗುಟುಕು. ಉಳಿದ ಹಾಲು ಟ್ಯೂಬಿನಲ್ಲಿ ಹೋಗಬೇಕು. ಅವಳಿಗೆ ಬೇಕಿದ್ದದ್ದು ದೊಡ್ಡ ಮಷಿನ್ ಏನಲ್ಲ. ಬೆಚ್ಚಗಿನ ಜಾಗ, ಹಾಲು, ಇನ್ನಷ್ಟು ದಿನ.

ಒಂದು ಸಂಜೆ ಅಪ್ಪ ಬಂದರು. ಜೊತೆಗೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರು. ಮಾತಾಡಿದ್ದೆಲ್ಲ ರೈಟರೇ. “ಸಿಸ್ಟರ್, ಇವರು ಇವತ್ತೇ ಹೋಗಬೇಕಂತೆ. ಕೆಲಸ ನಿಂತುಹೋಗಿದೆ. ಜೀಪು ಕೆಳಗಿದೆ.” ನಾನು ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. ಲಾಮಾ ಬರೆಸಿಕೊಂಡು ಕಳಿಸಿ ಅಂದರು. ಲಾಮಾ ಅಂದರೆ, ನರ್ಸಿಂಗ್‌ನವರಲ್ಲದೆ ಇದನ್ನು ಓದುವವರಿಗೆ ಹೇಳುತ್ತೇನೆ, ವೈದ್ಯರು ಬೇಡ ಅಂದರೂ ನಮ್ಮ ಜವಾಬ್ದಾರಿ ಮೇಲೆ ಹೋಗುತ್ತಿದ್ದೇವೆ ಅಂತ ಬರೆದುಕೊಡುವುದು. ಫಾರಂ ತುಂಬಿದೆ. ಅಪ್ಪನ ಹೆಬ್ಬೆಟ್ಟು ಒತ್ತಿಸಿದೆ. ರೈಟರು ಸಾಕ್ಷಿ ಸಹಿ ಹಾಕಿದರು. ಬೆಚ್ಚಗಿಡಿ, ಎರಡು ಗಂಟೆಗೊಮ್ಮೆ ಹಾಲು ಕೊಡಿ ಅಂತ ಹೇಳಿದೆ.

ಮಗು ಹೋಗಿಬಿಟ್ಟಿತು ಅಂತ ಆಮೇಲೆ ಆಶಾ ಕಾರ್ಯಕರ್ತೆ ತಿಳಿಸಿದರು. ಬೆಳಗಿನ ಜಾವ ನೋಡಿದಾಗ ಮೈ ತಣ್ಣಗಿತ್ತಂತೆ.

ನನ್ನ ತಪ್ಪು ಎಲ್ಲಿ ಆಯಿತು ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಪ್ರಶ್ನೆಯೊಳಗೂ ಅದೇ ಇದೆ. ನಾನು ತಾಯಿಯನ್ನು ಕೇಳಲೇ ಇಲ್ಲ. ಆಕೆ ಅದೇ ಕಟ್ಟಡದಲ್ಲಿ, ಬಾಣಂತಿಯರ ವಾರ್ಡಿನಲ್ಲಿ ಇದ್ದಳು. ಹಿಂಡಿದ ಹಾಲನ್ನು ಸ್ಟೀಲ್ ಲೋಟದಲ್ಲಿ ಹಾಕಿ, ತಟ್ಟೆ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ತಂದು ಬಾಗಿಲಲ್ಲಿ ಕೊಡುತ್ತಿದ್ದಳು. ನಾನು ಲೋಟ ತೆಗೆದುಕೊಂಡು ಎಷ್ಟು ಎಂಎಲ್ ಅಂತ ನೋಡುತ್ತಿದ್ದೆ. ಆಕೆಯ ಮುಖ ನೋಡಿ ಮಾತಾಡಿಸಿದ್ದು ನೆನಪಿಲ್ಲ. ಅವರ ಮನೆಮಾತು ನನಗೆ ಬರುವುದಿಲ್ಲ. ಆಕೆಗೆ ಕನ್ನಡ ಅರ್ಥವಾಗುತ್ತಿತ್ತು, ಆಡಲು ಹಿಂಜರಿಯುತ್ತಿದ್ದಳು. ಅಷ್ಟಕ್ಕೇ ‘ಅವಳಿಗೆ ಏನೂ ತಿಳಿಯಲ್ಲ’ ಅಂತ ನಾವು ತೀರ್ಮಾನ ಮಾಡಿಬಿಟ್ಟಿದ್ದೆವು. ಆ ಸಂಜೆ ಆಕೆಯನ್ನು ಜೀಪಿನಲ್ಲಿ ಕೂರಿಸಿದ ಮೇಲೆ ಮಗುವನ್ನು ಮಡಿಲಿಗೆ ಕೊಟ್ಟೆವು.

ಆಕೆಗೆ ಹೋಗಲು ಮನಸ್ಸೇ ಇರಲಿಲ್ಲವಂತೆ. ಮನೆಯಲ್ಲಿ ಮೂರು ವರ್ಷದ ದೊಡ್ಡ ಮಗು ಇತ್ತು. ಪಕ್ಕದ ಲೈನಿನವರು ನೋಡಿಕೊಳ್ಳುತ್ತಿದ್ದರು. ಕುಯ್ಲು ಶುರುವಾದ ಮೇಲೆ ಅವರೂ ಹಣ್ಣು ಕುಯ್ಯಲು ಹೋಗಬೇಕು. ಗಂಡ ತೋಟದಲ್ಲಿ ಮುಂಗಡ ತೆಗೆದುಕೊಂಡಿದ್ದರು, ಕೆಲಸ ತಪ್ಪಿಸುವ ಹಾಗಿಲ್ಲ. ಇಷ್ಟೇ ವಿಷಯ. ದೊಡ್ಡ ಮಗುವನ್ನು ತಾಯಿಯ ಜೊತೆ ವಾರ್ಡಿನಲ್ಲಿ ಇರಲು ಬಿಡಿ ಅಂತ ನಾನು ಇನ್‌ಚಾರ್ಜ್ ಸಿಸ್ಟರನ್ನು ಕೇಳಬಹುದಿತ್ತು. ಗಂಡ ಕೆಲಸಕ್ಕೆ ಹೋಗಲಿ, ತಾಯಿ ಮಗು ಇಲ್ಲೇ ಇರಲಿ ಅಂತ ಅದೇ ರೈಟರ ಹತ್ತಿರ ಹೇಳಬಹುದಿತ್ತು. ಹೋಗುವುದೇ ಆಗಿದ್ದರೆ ಆಶಾಗೆ ಅವತ್ತೇ ಒಂದು ಫೋನ್ ಮಾಡಬಹುದಿತ್ತು. ಯಾವುದೂ ಮಾಡಲಿಲ್ಲ. ‘ಇವರಿಗೆ ಮಗುವಿನ ಬೆಲೆ ಗೊತ್ತಿಲ್ಲ’ ಅಂತ ನನಗೆ ಸಿಟ್ಟು ಬಂದಿತ್ತು. ಆ ಸಿಟ್ಟಲ್ಲೇ ಫಾರಂ ಮುಂದಿಟ್ಟೆ.

ಡಾಕ್ಟರನ್ನು ದೂರುವುದಕ್ಕೂ ನನಗೆ ಬಾಯಿಲ್ಲ. ಫೋನಿನಲ್ಲಿ ನಾನು ಹೇಳಿದ್ದು ‘ಪೇಷೆಂಟ್ ಕಡೆಯವರು ಹೋಗಬೇಕು ಅಂತಿದ್ದಾರೆ’ ಅಂತ. ತಾಯಿ ಏನಂದಳು, ಹಾಲು ಎಷ್ಟು ಕುಡಿಯುತ್ತಿದೆ, ಒಂದನ್ನೂ ಹೇಳಲಿಲ್ಲ. ನಾನು ಹೇಳಿದಷ್ಟಕ್ಕೆ ಅವರು ಉತ್ತರ ಕೊಟ್ಟರು.

ಅದಕ್ಕೇ, ಡಾಕ್ಟರೋ ಮನಸ್ಸೋ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅದರಲ್ಲಿ ‘ಮನೆಯವರು’ ಇದ್ದಾರೆ, ತಾಯಿ ಎಲ್ಲೂ ಇಲ್ಲ. ಆಕೆಯನ್ನು ಕೇಳುವ ಮುಂಚೆ ನಿಮ್ಮ ಮನಸ್ಸು ಹೇಳುವುದೂ ಅರ್ಧ ತಿಳಿದು ಹೇಳುವ ಮಾತೇ. ಒಬ್ಬಳನ್ನೇ ಕೂರಿಸಿ ಕೇಳಿ. ಅತ್ತೆ, ಗಂಡ, ರೈಟರು ಯಾರೂ ಪಕ್ಕದಲ್ಲಿ ಬೇಡ. ಭಾಷೆ ಬರದಿದ್ದರೆ ಆ ಭಾಷೆ ಬಲ್ಲ ಆಯಾನೋ ಇನ್ನೊಬ್ಬ ಬಾಣಂತಿಯೋ ಸಿಗುತ್ತಾರೆ. ‘ಯಾಕೆ ಹೋಗ್ತೀರಿ’ ಅಂತ ಕೇಳಬೇಡಿ, ಗದರಿಸಿದ ಹಾಗಾಗುತ್ತದೆ. ‘ಮನೇಲಿ ಯಾರಿದ್ದಾರೆ, ಅಡುಗೆ ಯಾರು ಮಾಡ್ತಾರೆ’ ಅಂತ ಶುರು ಮಾಡಿ. ಕಾರಣ ತಾನಾಗೇ ಬರುತ್ತದೆ.

ಆಮೇಲೆ ತಾಯಿಯನ್ನು ಒಳಗೆ ಕರೆದುಕೊಳ್ಳಿ. ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆ ಶುರುವಾಗಿದ್ದು 1970ರ ದಶಕದ ಕೊನೆಯಲ್ಲಿ, ಕೊಲಂಬಿಯಾದ ಬೊಗೊಟಾದಲ್ಲಿ. ಅಲ್ಲೂ ಇನ್‌ಕ್ಯುಬೇಟರ್ ಸಾಲುತ್ತಿರಲಿಲ್ಲ. 2021ರಲ್ಲಿ ಭಾರತವೂ ಸೇರಿ ಐದು ದೇಶಗಳ ಅಧ್ಯಯನ ಪ್ರಕಟವಾಯಿತು. 1ರಿಂದ 1.8 ಕೆಜಿ ಒಳಗಿನ ಮಕ್ಕಳಿಗೆ, ಸ್ಥಿತಿ ಸುಧಾರಿಸುವವರೆಗೂ ಕಾಯದೆ ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದಾಗ 28 ದಿನದೊಳಗಿನ ಸಾವು ಶೇಕಡಾ 12 ಇತ್ತು. ಕಾದು ಶುರು ಮಾಡಿದವರಲ್ಲಿ 15.7. ಆಮೇಲೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆ ಹೀಗೆ ಇಡಿ ಅಂತ ಹೇಳಿತು. ನಮ್ಮ ಆ ಮಗುವಿನ ತೂಕ ಇದೇ ಲೆಕ್ಕದೊಳಗೆ ಬರುತ್ತಿತ್ತು. ಡಿಸೆಂಬರ್ ಚಳಿಯಲ್ಲಿ, ಶೀಟು ಹೊದಿಸಿದ ಲೈನ್ ಮನೆಯಲ್ಲಿ, ಎದೆಗೆ ಕಟ್ಟಿಕೊಳ್ಳುವುದನ್ನಾದರೂ ಕಲಿಸಿ ಕಳಿಸಿದ್ದರೆ ಅಂತ ನಾನು ಇವತ್ತಿಗೂ ಯೋಚಿಸುತ್ತೇನೆ. ಕಲಿಸುವುದಕ್ಕೆ ತಾಯಿ ಒಳಗೆ ಬಂದಿರಬೇಕಲ್ವಾ.

ಆಮೇಲೊಂದು ಸಲ ಸೋಮವಾರಪೇಟೆ ಕಡೆಯ ಮನೆಯವರು ಹೀಗೇ ಹೊರಟು ನಿಂತಾಗ ತಾಯಿಯನ್ನು ಒಳಗೆ ಕೂರಿಸಿ ಮಾತಾಡಿದೆ. ಗಂಡನ ಮನೆಯಲ್ಲಿ ‘ಈ ಮಗು ಉಳಿಯಲ್ಲ, ಸುಮ್ನೆ ಯಾಕೆ ಕಾಯೋದು’ ಅಂತ ಯಾರೋ ಹೇಳಿದ್ದರು, ಅಷ್ಟೇ. ಮಗುವನ್ನು ಎದೆಗೆ ಹಾಕಿದೆವು. ಡಾಕ್ಟರ್ ಬಂದು ಅಜ್ಜಿಗೂ ತೋರಿಸಿದರು. ಮನೆಯವರು ಆಸ್ಪತ್ರೆಯಲ್ಲೇ ನಿಂತರು. ಎಲ್ಲರೂ ಹೀಗೆ ನಿಲ್ಲುತ್ತಾರೆ ಅಂತ ನಾನು ಹೇಳುತ್ತಿಲ್ಲ.

ಕಾಯಿಲೆ ಜೋರಾಗಿ ಮೈಸೂರಿನ ಆಸ್ಪತ್ರೆಗೆ ಕಳಿಸಲೇಬೇಕಾದ ಮಕ್ಕಳ ವಿಷಯ ಬೇರೆ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದಾರಿ. ‘ಉಳಿಯುತ್ತಾ ಸಿಸ್ಟರ್’ ಅಂತ ಕೇಳಿದರೆ ‘ಏನೂ ಆಗಲ್ಲ’ ಅನ್ನಬೇಡಿ, ‘ಸುಮ್ನೆ ಖರ್ಚು’ ಅಂತಲೂ ಅನ್ನಬೇಡಿ. ಡಾಕ್ಟರನ್ನೇ ಕರೆದು ಅವರ ಎದುರು ಹೇಳಿಸಿ. ಸರ್ಕಾರಿ ಆಸ್ಪತ್ರೆಯಾದರೆ ಕಾಯಿಲೆಯ ನವಜಾತ ಶಿಶುವಿನ ಚಿಕಿತ್ಸೆ, ಆಂಬುಲೆನ್ಸ್ ಎರಡೂ 2011ರ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಉಚಿತ. ಎಷ್ಟೋ ಮನೆಯವರಿಗೆ ಇದು ಗೊತ್ತಿರುವುದಿಲ್ಲ.

ಇನ್ನು ಡಾಕ್ಟರ ಜೊತೆ ಮಾತು. ಜಗಳ ಬೇಕಿಲ್ಲ. ಹೀಗೆ ಹೇಳಿ ನೋಡಿ: “ಸರ್, ಮಗು 1.4 ಕೆಜಿ. ಒಳಲೆಯಲ್ಲಿ ಅರ್ಧ ಫೀಡೂ ಮುಗಿಸುತ್ತಿಲ್ಲ. ತಾಯಿಗೆ ಇರಲು ಇಷ್ಟ ಇದೆ, ದೊಡ್ಡ ಮಗುವಿನ ಚಿಂತೆ ಅಷ್ಟೆ. ನೀವೊಮ್ಮೆ ಬಂದು ಮಾತಾಡಿ.” ಇದೇ ಮಾತನ್ನು ಟೈಮ್ ಹಾಕಿ ನರ್ಸಸ್ ನೋಟ್ಸಿನಲ್ಲಿ ಬರೆಯಿರಿ. ನೋಟ್ಸಿನಲ್ಲಿ ಇದ್ದರೆ ಬೆಳಗಿನ ರೌಂಡ್ಸಿನಲ್ಲಿ ಯಾರಾದರೂ ಓದಲೇಬೇಕು. ಸಹಿ ಬೇಡ ಅನ್ನುತ್ತಿಲ್ಲ. ಇಷ್ಟೆಲ್ಲ ಆದ ಮೇಲೆ ಹಾಕಿಸಿ, ತಾಯಿಯೂ ಹಾಕಲಿ.

ನಿಮ್ಮ ಯೂನಿಟ್ಟಿನಲ್ಲಿ ತಾಯಂದಿರನ್ನು ಒಳಗೆ ಬಿಡುತ್ತಾರಾ ಅಂತ ನೀವು ಬರೆದಿಲ್ಲ. ಇನ್‌ಫೆಕ್ಷನ್ ಆಗುತ್ತೆ ಅಂತ ಹೊರಗೇ ನಿಲ್ಲಿಸುತ್ತಿದ್ದರೆ, ಮನೆಯವರನ್ನು ಆರೈಕೆಯಲ್ಲಿ ಸೇರಿಸಿಕೊಳ್ಳಿ ಅಂತ ಕೇಂದ್ರ ಆರೋಗ್ಯ ಇಲಾಖೆ 2017ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಕೈ ತೊಳೆಸಿ, ಗೌನ್ ಹಾಕಿಸಿ ಒಳಗೆ ಕರೆದುಕೊಳ್ಳಬಹುದು. ಅದರ ಪ್ರಿಂಟ್ ತೆಗೆದು ಇನ್‌ಚಾರ್ಜ್ ಸಿಸ್ಟರಿಗೆ ಕೊಡಿ. ಅವರು ಏನಂದರು ಅಂತ ಇಲ್ಲೇ ಬರೆಯಿರಿ, ಮುಂದೆ ಏನು ಮಾಡಬಹುದು ನೋಡೋಣ.